ಮೂರು ಹಳೆ ಸಿನಿಮಾ, ನಮ್ಮ ಜಿಲ್ಲೆಯ ಮೂರು ಎಳೆ

ಈಚೆಗೆ ನಾವು ಮೂರು ಹಳೆ ಸಿನಿಮಾ ನೋಡಿದೆವು. ಶಿರೂರಿನಲ್ಲೇ ಕೂತು, ಮೊಬೈಲ್‌ನಲ್ಲೇ ನೋಡಿದೆವು. ಒಂದು 1967ರ ‘ಇಮ್ಮಡಿ ಪುಲಿಕೇಶಿ’. ಇನ್ನೊಂದು 1943ರ ಹಿಂದಿ ಚಿತ್ರ ‘ಕಿಸ್ಮತ್’. ಮತ್ತೊಂದು 1974ರ ‘ಸಂಪತ್ತಿಗೆ ಸವಾಲ್’.

ಈ ಮೂರನ್ನೇ ಯಾಕೆ ಆರಿಸಿಕೊಂಡೆವು ಅಂದರೆ, ಮೂರಕ್ಕೂ ನಮ್ಮ ಬಾಗಲಕೋಟೆ ಜಿಲ್ಲೆಗೂ ನಂಟಿದೆ. ಒಂದರ ಕಥೆ ಬಾದಾಮಿಯ ರಾಜನದು. ಒಂದರ ಕಂಠ ಬೀಳಗಿಯ ಹೆಣ್ಣುಮಗಳದು. ಇನ್ನೊಂದು ಸಿನಿಮಾ ಹುಟ್ಟಿದ್ದು ಹುನಗುಂದ ಸೀಮೆಯ ನಾಟಕಕಾರರ ಲೇಖನಿಯಿಂದ.

ಇವುಗಳಲ್ಲಿ ನಮ್ಮ ಊರ ಕಡೆಯ ಸಿನಿಮಾ ಯಾವುದು ಅಂತ ಯಾರನ್ನೇ ಕೇಳಿದರೂ ‘ಪುಲಿಕೇಶಿ’ ಅನ್ನುತ್ತಾರೆ. ಮೂರನ್ನೂ ನೋಡಿದ ಮೇಲೆ ನಮಗೆ ಹಾಗೆ ಅನ್ನಿಸಲಿಲ್ಲ. ಯಾಕೆ ಅನ್ನುವುದನ್ನು ಒಂದೊಂದಾಗಿ ಹೇಳುತ್ತೇವೆ. ಇದು ನಮ್ಮ ಅಭಿಪ್ರಾಯ. ನೀವೂ ನೋಡಿ, ನಿಮಗೆ ಬೇರೆ ಅನ್ನಿಸಿದರೆ ಹೇಳಿ.

ಇಮ್ಮಡಿ ಪುಲಿಕೇಶಿ: ನಮ್ಮ ಅರಸ, ಮದ್ರಾಸಿನ ಅರಮನೆ

ಎನ್. ಸಿ. ರಾಜನ್ ನಿರ್ದೇಶನ, ಜಿ. ವಿ. ಅಯ್ಯರ್ ನಿರ್ಮಾಣ. ಪುಲಿಕೇಶಿಯಾಗಿ ರಾಜ್‌ಕುಮಾರ್. ಇದೇ ರಾಜನ್ ಅವರು 1960ರಲ್ಲಿ ‘ರಣಧೀರ ಕಂಠೀರವ’ ಮಾಡಿದ್ದರು. ಕನ್ನಡ ನಾಡಿನ ಅರಸರ ಕಥೆಗಳು ತೆರೆಗೆ ಬರತೊಡಗಿದ ಕಾಲ ಅದು. 1961ರಲ್ಲಿ ‘ಕಿತ್ತೂರು ಚೆನ್ನಮ್ಮ’, 1970ರಲ್ಲಿ ‘ಶ್ರೀಕೃಷ್ಣದೇವರಾಯ’, 1975ರಲ್ಲಿ ‘ಮಯೂರ’ ಬಂದವು. 1956ರ ನವೆಂಬರ್ 1ರಂದು ಬೇರೆ ಬೇರೆ ಆಡಳಿತದಲ್ಲಿದ್ದ ಕನ್ನಡ ಪ್ರದೇಶಗಳು ಒಂದಾಗಿದ್ದವು. ಮೈಸೂರಿನವರಿಗೆ ನಮ್ಮ ಕಡೆಯ ಇತಿಹಾಸ, ನಮಗೆ ಅವರ ಇತಿಹಾಸ ಅಷ್ಟಾಗಿ ಗೊತ್ತಿರಲಿಲ್ಲ. ನಾವೆಲ್ಲ ಒಂದೇ ನಾಡಿನವರು ಅನ್ನುವ ಭಾವನೆ ಹಳ್ಳಿಹಳ್ಳಿಗೂ ಮುಟ್ಟಲು ಇಂಥ ಸಿನಿಮಾಗಳು ಸಹಾಯ ಮಾಡಿದವು. ಆ ಲೆಕ್ಕದಲ್ಲಿ ‘ಪುಲಿಕೇಶಿ’ಯ ಋಣ ದೊಡ್ಡದು.

ರಾಜ್‌ಕುಮಾರ್ ಅವರ ನಿಲುವು, ಮಾತಿನ ಸ್ಪಷ್ಟತೆ ಇವತ್ತಿಗೂ ಚಂದ. ಉದ್ದುದ್ದ ವಾಕ್ಯಗಳನ್ನು ಒಂದೇ ಉಸಿರಿನಲ್ಲಿ ಹೇಳುವ ಆ ಶಕ್ತಿ ನಾಟಕ ಕಂಪನಿಯಲ್ಲಿ ಕಲಿತದ್ದು. ಅವರು ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಬೆಳೆದವರು. ಅಯ್ಯರ್ ಕೂಡ ಅದೇ ಕಂಪನಿಯಿಂದ ಬಂದವರು. ಹಾಗಾಗಿ ಸಿನಿಮಾ ನೋಡುವಾಗ ಕಂಪನಿ ನಾಟಕದ ಪರದೆ ಕಣ್ಣಮುಂದೆ ಬರುತ್ತದೆ. ಕಿರೀಟ, ಮಿನುಗುವ ಉಡುಪು, ಕತ್ತಿವರಸೆ, ದರ್ಬಾರು.

ನಮಗೆ ಕೊರತೆ ಅನ್ನಿಸಿದ್ದು ಬಾದಾಮಿ. ಹೆಸರು ಬರುತ್ತದೆ, ಆದರೆ ನಾವು ಕಂಡ ಬಾದಾಮಿಯ ನೆನಪು ಬರುವುದಿಲ್ಲ. ಆ ಕಾಲದ ಕನ್ನಡ ಚಿತ್ರಗಳು ಹೆಚ್ಚಾಗಿ ಮದ್ರಾಸಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದವು. ಅರಮನೆ ಅಂದರೆ ಕಟ್ಟಿಗೆಯ ಚೌಕಟ್ಟಿಗೆ ಬಣ್ಣ ಬಳಿದ ಸೆಟ್ಟು. ನಮ್ಮ ಕೆಂಪು ಕಲ್ಲಿನ ಗುಡ್ಡ, ಅಗಸ್ತ್ಯತೀರ್ಥದ ನೀರು, ಬೇಸಿಗೆಯ ಬಿಸಿಲು ಸ್ಟುಡಿಯೋಕ್ಕೆ ಹೋಗಲಾರವು.

ಸಿನಿಮಾ ಮುಗಿದ ಮೇಲೆ ಐಹೊಳೆಯ ಮೇಗುತಿ ಗುಡಿಯ ಶಾಸನದ ಬಗ್ಗೆ ಮತ್ತೊಮ್ಮೆ ಓದಿದೆವು. ಪುಲಿಕೇಶಿಯ ಬಗ್ಗೆ ನಮಗೆ ಗೊತ್ತಿರುವ ಬಹಳಷ್ಟು ವಿಷಯ ಬಂದದ್ದೇ ಅಲ್ಲಿಂದ. ಗುಡ್ಡದ ಮೇಲಿನ ಜೈನ ಬಸದಿಯ ಗೋಡೆಯಲ್ಲಿರುವ ಸಂಸ್ಕೃತ ಶಾಸನ ಅದು. ಬರೆದವನು ಕವಿ ರವಿಕೀರ್ತಿ. ಶಕ ವರ್ಷ 556, ಅಂದರೆ ಕ್ರಿ.ಶ. 634-35. ಚಿಕ್ಕಪ್ಪ ಮಂಗಳೇಶ ತನ್ನ ಮಗನಿಗೆ ಪಟ್ಟ ಕಟ್ಟಲು ನೋಡಿದ್ದು, ಪುಲಿಕೇಶಿ ಎದ್ದು ನಿಂತು ರಾಜ್ಯ ಪಡೆದದ್ದು, ಉತ್ತರದ ಹರ್ಷನನ್ನು ತಡೆದದ್ದು ಎಲ್ಲವೂ ಅದರಲ್ಲಿದೆ. ಹರ್ಷನ ಹೆಸರನ್ನೇ ಹಿಡಿದು ಕವಿ ಒಂದು ಶ್ಲೇಷೆಯನ್ನೂ ಮಾಡಿದ್ದಾನೆ.

ಇಲ್ಲಿ ಒಂದು ಮಾತು ಗಮನಿಸಿ. ಶಾಸನವೂ ಒಂದು ರೀತಿಯಲ್ಲಿ ಸಿನಿಮಾದ ಹಾಗೆಯೇ. ಅದು ನಾಯಕನ ಕಡೆಯಿಂದ ಬರೆದದ್ದು. ಅದರಲ್ಲಿ ಮಂಗಳೇಶ ಅಣ್ಣನ ಮಗನಿಗೆ ಅಡ್ಡ ಬಂದವನು. ಆದರೆ ಬಾದಾಮಿಯ ಮೂರನೇ ಗುಹೆಗೆ ಹೋದರೆ ಅದೇ ಮಂಗಳೇಶ ಬೇರೆ ಮನುಷ್ಯನಾಗಿ ಸಿಗುತ್ತಾನೆ. ಕ್ರಿ.ಶ. 578ರಲ್ಲಿ, ಅಣ್ಣ ಕೀರ್ತಿವರ್ಮ ಆಳುತ್ತಿದ್ದಾಗ, ಆ ವಿಷ್ಣು ಗುಹೆಯನ್ನು ಮಾಡಿಸಿದವನು ಅವನೇ. ಇವತ್ತು ಜಗತ್ತಿನ ಮಂದಿ ಬಂದು ಫೋಟೋ ತೆಗೆಸಿಕೊಳ್ಳುವುದು ಅವನು ಕೊರೆಸಿದ ಕಂಬಗಳ ಮುಂದೆ. 642ರಲ್ಲಿ ಪಲ್ಲವರ ನರಸಿಂಹವರ್ಮ ಬಾದಾಮಿಯನ್ನು ಗೆದ್ದ. ಅವನ ಶಾಸನವೂ ಬಾದಾಮಿಯ ಬಂಡೆಯ ಮೇಲಿದೆ. ಗೆದ್ದವನು, ಸೋತವನು, ಕಟ್ಟಿಸಿದವನು, ಎಲ್ಲರ ಮಾತೂ ಒಂದೇ ಊರಿನ ಕಲ್ಲಿನಲ್ಲಿದೆ.

ಇದಕ್ಕೇ ನಾವು ಹೇಳುವುದು: ‘ಪುಲಿಕೇಶಿ’ ನೋಡಿ, ಆದರೆ ನೋಡಿದ ಮೇಲೆ ಮಕ್ಕಳನ್ನು ಕರೆದುಕೊಂಡು ಒಂದು ದಿನ ಐಹೊಳೆ, ಬಾದಾಮಿಗೆ ಹೋಗಿ ಬನ್ನಿ.

ಕಿಸ್ಮತ್: ಬೀಳಗಿಯ ದನಿ

ಹಿಂದಿ ಸಿನಿಮಾ, ಅದೂ 80 ವರ್ಷಕ್ಕೂ ಹಳೆಯದು, ಹಳ್ಳಿಯಲ್ಲಿ ಕೂತು ನೋಡುವುದು ಯಾಕೆ ಅಂತ ನೀವು ಕೇಳಬಹುದು. ಅದರ ಹೆಚ್ಚಿನ ಹಾಡುಗಳನ್ನು ಹಾಡಿದವರು ಅಮೀರಬಾಯಿ ಕರ್ನಾಟಕಿ. ಬೀಳಗಿಯಲ್ಲಿ ಹುಟ್ಟಿದವರು.

ಬಾಂಬೆ ಟಾಕೀಸ್ ತಯಾರಿಸಿದ, ಜ್ಞಾನ್ ಮುಖರ್ಜಿ ನಿರ್ದೇಶಿಸಿದ ಚಿತ್ರ ಇದು. ಅಶೋಕ್ ಕುಮಾರ್ ನಾಯಕ. ಆದರೆ ನಾಯಕ ಜೇಬುಗಳ್ಳ. 1943ರಲ್ಲಿ ಕಳ್ಳನನ್ನು ನಾಯಕನನ್ನಾಗಿ ಮಾಡುವುದು ಧೈರ್ಯದ ಕೆಲಸ. ನಾಯಕಿ ರಾಣಿಯ ಪಾತ್ರದಲ್ಲಿ ಮುಮ್ತಾಜ್ ಶಾಂತಿ. ರಾಣಿಯ ತಂದೆ ಒಂದು ಕಾಲಕ್ಕೆ ನಾಟಕದ ಥಿಯೇಟರಿನ ಮಾಲೀಕ. ದುರಾಸೆಗೆ ಬಿದ್ದು ಪುಟ್ಟ ಮಗಳನ್ನು ಕುಣಿಸಿ ಕುಣಿಸಿ ಅವಳ ಕಾಲನ್ನೇ ಕಳೆಯುತ್ತಾನೆ. ಮುಂದೆ ಥಿಯೇಟರೂ ಕೈಬಿಟ್ಟು ಹೋಗುತ್ತದೆ. ತಂದೆ ಕಳೆದುಕೊಂಡ ಅದೇ ರಂಗದ ಮೇಲೆ ಮಗಳು ಹಾಡಿ ಹೊಟ್ಟೆ ಹೊರೆಯುತ್ತಾಳೆ.

ನಾಟಕ ಕಂಪನಿಗಳನ್ನು ಕಂಡ ನಮ್ಮ ಕಡೆಯವರಿಗೆ ಈ ಕಥೆ ದೂರದ್ದಲ್ಲ. ಕಂಪನಿ ಏಳುವುದು, ಸಾಲಕ್ಕೆ ಮುಳುಗುವುದು, ಮಾಲೀಕ ಬೀದಿಗೆ ಬರುವುದು ಇಲ್ಲಿಯೂ ನಡೆದದ್ದೇ.

ಮೆಚ್ಚಿದ್ದು ಇನ್ನೊಂದಿದೆ. ರಾಣಿಯ ತಂಗಿ ಮದುವೆಗೆ ಮುಂಚೆ ಬಸುರಿಯಾಗುತ್ತಾಳೆ. ಸಿನಿಮಾ ಅವಳನ್ನು ಬಾವಿಗೆ ನೂಕುವುದಿಲ್ಲ. ಮರ್ಯಾದೆಯಿಂದ ನಡೆಸಿಕೊಳ್ಳುತ್ತದೆ. ಎಷ್ಟೋ ಈಗಿನ ಧಾರಾವಾಹಿಗಳಿಗೆ ಇಷ್ಟು ಸಹನೆ ಇಲ್ಲ. ಮೆಚ್ಚದಿದ್ದದ್ದು ಕೊನೆಯ ಭಾಗ. ಕಳೆದುಹೋದ ಮಗ ಸಿಗುವ ಪ್ರಸಂಗ ಬೇಗ ಬೇಗ ಮುಗಿದುಹೋಗುತ್ತದೆ. ಮುಂದೆ ನೂರಾರು ಸಿನಿಮಾಗಳು ಇದನ್ನೇ ಮಾಡಿದ್ದರಿಂದ ಇವತ್ತು ಅದು ಸಪ್ಪೆಯಾಗಿ ಕಾಣುತ್ತದೆ.

ಹಾಡುಗಳ ವಿಷಯಕ್ಕೆ ಬರೋಣ. ಸಂಗೀತ ಅನಿಲ್ ಬಿಸ್ವಾಸ್, ಸಾಹಿತ್ಯ ಕವಿ ಪ್ರದೀಪ್. ಚಿತ್ರ ತೆರೆಗೆ ಬಂದದ್ದು 1943ರ ಜನವರಿಯಲ್ಲಿ. ‘ಭಾರತ ಬಿಟ್ಟು ತೊಲಗಿ’ ಚಳವಳಿ ಆರಂಭವಾಗಿ ಐದು ತಿಂಗಳಾಗಿತ್ತು ಅಷ್ಟೆ. ಚಿತ್ರದಲ್ಲಿ ಒಂದು ದೇಶಭಕ್ತಿಯ ಹಾಡಿದೆ. ಹಿಂದೂಸ್ತಾನ ನಮ್ಮದು, ಹೊರಗಿನವರು ದೂರ ಸರಿಯಿರಿ ಅನ್ನುವ ಅರ್ಥದ್ದು. ಅದರಲ್ಲಿ ಜರ್ಮನಿ, ಜಪಾನ್ ಹೆಸರು ಹಾಕಿದ್ದರಿಂದ ಇದು ಯುದ್ಧದಲ್ಲಿ ಬ್ರಿಟಿಷರ ಪರವಾದ ಹಾಡು ಅಂತ ಸೆನ್ಸಾರು ಬಿಟ್ಟಿತು. ಟಾಕೀಸಿನಲ್ಲಿ ಕೂತ ಜನರಿಗೆ ಮಾತ್ರ ಇದು ಯಾರಿಗೆ ಹೇಳಿದ್ದು ಅನ್ನುವುದು ಸರಿಯಾಗಿ ಅರ್ಥವಾಯಿತು. ಆ ಹಾಡಿನಲ್ಲಿ ಕೇಳುವ ಹೆಣ್ಣು ದನಿ ಅಮೀರಬಾಯಿಯವರದು. ಕಲಕತ್ತೆಯ ರಾಕ್ಸಿ ಟಾಕೀಸಿನಲ್ಲಿ ಈ ಸಿನಿಮಾ ಮೂರು ವರ್ಷಕ್ಕೂ ಹೆಚ್ಚು ಕಾಲ ಓಡಿತು.

ಮೂರು ವರ್ಷ ಕಲಕತ್ತೆಯ ಜನ ದಿನಾ ಕೇಳಿದ್ದು ಬೀಳಗಿಯ ಕಂಠವನ್ನು. ಹಾಗೆ ಯೋಚಿಸಿದರೆ ಎದೆ ತುಂಬುತ್ತದೆ.

ಆಕೆಯ ಹೆಸರಿನಲ್ಲೂ ಒಂದು ಇತಿಹಾಸ ಇದೆ. ಆಗ ಬೀಳಗಿ ಬಿಜಾಪುರ ಜಿಲ್ಲೆಯಲ್ಲಿತ್ತು. ಬಿಜಾಪುರ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ‘ಕರ್ನಾಟಕ’ ಅನ್ನುವ ರಾಜ್ಯವೇ ಇರಲಿಲ್ಲ. ನಮ್ಮ ರಾಜ್ಯಕ್ಕೆ ಆ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅದಕ್ಕೆ ದಶಕಗಳ ಮುಂಚೆಯೇ ಈ ಹೆಣ್ಣುಮಗಳು ಮುಂಬಯಿಯಲ್ಲಿ ‘ಕರ್ನಾಟಕಿ’ ಅಂತ ಕರೆಸಿಕೊಂಡರು. ಅಕ್ಕ ಗೋಹರಬಾಯಿ ಕೂಡ ‘ಕರ್ನಾಟಕಿ’ಯೇ. ಅವರು ಮರಾಠಿ ರಂಗಭೂಮಿಯ ಮಹಾನ್ ಕಲಾವಿದ ಬಾಲಗಂಧರ್ವರ ಜೊತೆ ರಂಗದ ಮೇಲೆ ಹಾಡಿ ನಟಿಸಿದವರು.

ಅಮೀರಬಾಯಿ ತೀರಿಕೊಂಡದ್ದು 1965ರಲ್ಲಿ. ಅವರ ಹೆಸರಿನ ಅಮೀರ್ ಟಾಕೀಸ್ ವಿಜಯಪುರದವರಿಗೆ ಗೊತ್ತಿದೆ. ರಹಮತ್ ತರೀಕೆರೆಯವರು ಅವರ ಬಗ್ಗೆ ಕನ್ನಡದಲ್ಲಿ ಒಂದು ಪುಸ್ತಕ ಬರೆದಿದ್ದಾರೆ. ಇಷ್ಟಾದರೂ ನಮ್ಮ ಶಾಲೆಗಳಲ್ಲಿ ಜಿಲ್ಲೆಯ ಸಾಧಕರು ಯಾರು ಅಂತ ಕೇಳಿದಾಗ ಈ ಹೆಸರು ಬರುವುದು ಅಪರೂಪ. ಆಗಿನ ಹಿನ್ನೆಲೆ ಗಾಯಕಿಯರ ಪಾಡೇ ಹಾಗಿತ್ತು. 1949ರ ‘ಮಹಲ್’ ಚಿತ್ರದ ಪ್ರಸಿದ್ಧ ಹಾಡಿನ ಗ್ರಾಮೋಫೋನ್ ತಟ್ಟೆಯ ಮೇಲೆ ಲತಾ ಮಂಗೇಶ್ಕರ್ ಹೆಸರಿನ ಬದಲು ಚಿತ್ರದ ಪಾತ್ರದ ಹೆಸರನ್ನು ಅಚ್ಚು ಹಾಕಿದ್ದರು. ದನಿ ಎಲ್ಲರಿಗೂ ಬೇಕಿತ್ತು, ಹೆಸರು ಯಾರಿಗೂ ಬೇಕಿರಲಿಲ್ಲ.

ಸಂಪತ್ತಿಗೆ ಸವಾಲ್: ಹೆಸರಿಲ್ಲದೆ ಬಂದ ನಮ್ಮೂರು

ಇದನ್ನು ನೋಡದವರು ನಮ್ಮ ಊರುಗಳಲ್ಲಿ ಕಡಿಮೆ. ಎ. ವಿ. ಶೇಷಗಿರಿ ರಾವ್ ನಿರ್ದೇಶನ, ಜಿ. ಕೆ. ವೆಂಕಟೇಶ್ ಸಂಗೀತ. ರಾಜ್‌ಕುಮಾರ್, ಮಂಜುಳಾ, ವಜ್ರಮುನಿ. ಹಣದ ಸೊಕ್ಕಿನ ಸಾಹುಕಾರ ಊರನ್ನೇ ಕೈಯಲ್ಲಿಟ್ಟುಕೊಂಡಿರುತ್ತಾನೆ. ಭದ್ರ ಅವನಿಗೆ ಎದುರು ನಿಲ್ಲುತ್ತಾನೆ. ಎಮ್ಮೆಯ ಮೇಲೆ ಕೂತು ಹಾಡುವ ಹಾಡು ಇವತ್ತಿಗೂ ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಕೇಳಿಬರುತ್ತದೆ. ಅಲ್ಲಿಯವರೆಗೆ ರಾಜ್‌ಕುಮಾರ್ ಅವರಿಗೆ ಹೆಚ್ಚಾಗಿ ದನಿ ಕೊಡುತ್ತಿದ್ದವರು ಪಿ. ಬಿ. ಶ್ರೀನಿವಾಸ್. ಈ ಹಾಡಿನಿಂದ ರಾಜ್‌ಕುಮಾರ್ ಗಾಯಕರಾಗಿಯೂ ನೆಲೆ ನಿಂತರು.

ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇದು: ‘ಸಂಪತ್ತಿಗೆ ಸವಾಲ್’ ಮೊದಲು ನಾಟಕ. ಬರೆದವರು ಪಿ. ಬಿ. ಧುತ್ತರಗಿ. ಹುನಗುಂದ ಸೀಮೆಯ ಸೂಳೇಭಾವಿಯವರು. ಶಿರೂರಿನಿಂದ ಕಮತಗಿ ದಾಟಿ ಅಮೀನಗಡದ ಕಡೆ ಹೋದರೆ ಸಿಗುವ ನೇಕಾರರ ಊರು ಅದು. ಅವರ ಪತ್ನಿ ಸರೋಜಮ್ಮ ಧುತ್ತರಗಿ ವೃತ್ತಿರಂಗಭೂಮಿಯ ಹೆಸರಾಂತ ಕಲಾವಿದೆ.

ಇದು ತಿಳಿದ ಮೇಲೆ ಸಿನಿಮಾ ನೋಡಿದರೆ ಬೇರೆಯೇ ಕಾಣುತ್ತದೆ. ನಮ್ಮ ಸೀಮೆಯಲ್ಲಿ ಮಳೆ ಕಡಿಮೆ. ಬರ ಬಂದಾಗ ಸಾಲ, ಸಾಲಕ್ಕೆ ಹೊಲದ ಕಾಗದ, ಕಾಗದ ಹಿಡಿದವನ ಕೈಯಲ್ಲಿ ಊರಿನ ಪಂಚಾಯ್ತಿ. ನೇಕಾರನಾದರೆ ನೂಲಿಗಾಗಿ ಸಾಲ. ಇಂಥ ಊರಲ್ಲಿ ಬೆಳೆದ ಲೇಖಕನಿಗೆ ಸಾಹುಕಾರನ ಪಾತ್ರ ಬರೆಯಲು ಪುಸ್ತಕ ಓದಬೇಕಿರಲಿಲ್ಲ. ಟೆಂಟಿನಲ್ಲಿ ನೆಲದ ಮೇಲೆ ಕೂತು ನೋಡಿದ ಜನಕ್ಕೂ ಆತ ಯಾರ ಹಾಗಿದ್ದಾನೆ ಅಂತ ಬಿಡಿಸಿ ಹೇಳಬೇಕಿರಲಿಲ್ಲ. ನಾಟಕದ ಹೆಸರಿನಲ್ಲೇ ಇರುವ ಸವಾಲು ಅವರದೇ ಮನಸ್ಸಿನ ಮಾತು.

ಸಿನಿಮಾ ಆದಾಗ ಎರಡು ಬದಲಾದವು ಅನ್ನಿಸುತ್ತದೆ. ಒಂದು, ಮಾತು. ತೆರೆಯ ಮೇಲಿನ ಕನ್ನಡ ಮೈಸೂರು ಸೀಮೆಯ ಹಳ್ಳಿಗನ್ನಡ. ನಮ್ಮ ಕಡೆಯ ಮಾತನ್ನು ಆಗಿನ ಸಿನಿಮಾ ನಗಿಸಲಿಕ್ಕೆ ಬಳಸುತ್ತಿತ್ತೇ ಹೊರತು ನಾಯಕನ ಬಾಯಿಗೆ ಹಾಕುತ್ತಿರಲಿಲ್ಲ. ಎರಡು, ಊರು. ಈ ಊರು ಎಲ್ಲಿಯದು ಅನ್ನುವ ಗುರುತು ಅಳಿಸಿಹೋಯಿತು. ಇದರಿಂದ ನಷ್ಟವೂ ಆಯಿತು, ಲಾಭವೂ ಆಯಿತು. ಚಾಮರಾಜನಗರದವರೂ, ಕೋಲಾರದವರೂ ಇದು ತಮ್ಮೂರ ಕಥೆ ಅಂದುಕೊಂಡರು.

ಒಂದು ತಕರಾರೂ ಇದೆ. ಮಂಜುಳಾ ಅವರ ಪಾತ್ರ ಬಾಯಿ ಜೋರಿನ, ಯಾರಿಗೂ ಅಂಜದ ಹುಡುಗಿ. ನೋಡಲು ಖುಷಿ. ಆದರೆ ಕಥೆ ಅವಳ ಗಟ್ಟಿತನವನ್ನು ಇಳಿಸಲೇಬೇಕಾದ ಸೊಕ್ಕು ಅನ್ನುವಂತೆ ನೋಡುತ್ತದೆ. ಸಾಹುಕಾರನ ಸೊಕ್ಕಿಗೂ ಒಬ್ಬ ಹುಡುಗಿಯ ದಿಟ್ಟತನಕ್ಕೂ ವ್ಯತ್ಯಾಸ ಇದೆ. ಸಂಪತ್ತಿಗೆ ಸವಾಲು ಹಾಕಿದ ಸಿನಿಮಾ ಇದನ್ನು ಸವಾಲು ಮಾಡಲಿಲ್ಲ. ಇವತ್ತು ನಮ್ಮ ಊರಿನ ಹುಡುಗಿಯರು ಬಸ್ ಹತ್ತಿ ಕಾಲೇಜಿಗೆ ಹೋಗುತ್ತಿದ್ದಾರೆ. ಅವರ ಜೊತೆ ಕೂತು ಈ ಭಾಗ ನೋಡಿದರೆ ಒಳ್ಳೆಯ ಚರ್ಚೆಯಾಗುತ್ತದೆ.

ಹೆಸರು ಬರೆದಿಡುವ ನಾಡು

ಮೂರೂ ಸಿನಿಮಾ ನೋಡಿದ ಮೇಲೆ ನಮಗೆ ಅನ್ನಿಸಿದ್ದು ಇಷ್ಟು. ನಮ್ಮ ಹೆಸರು ಹೇಳುವ ‘ಪುಲಿಕೇಶಿ’ಯಲ್ಲಿ ನಮ್ಮ ನೆಲ ಕಡಿಮೆ. ನಮ್ಮ ಭಾಷೆಯೇ ಅಲ್ಲದ ‘ಕಿಸ್ಮತ್’ನಲ್ಲಿ ನಮ್ಮ ದನಿ ಇದೆ. ಯಾವ ಊರಿನ ಹೆಸರೂ ಅಂಟಿಸಿಕೊಳ್ಳದ ‘ಸಂಪತ್ತಿಗೆ ಸವಾಲ್’ನಲ್ಲಿ ನಮ್ಮ ಬದುಕೇ ಇದೆ. ಹಾಗಾಗಿ ಮೂರರಲ್ಲಿ ನಮ್ಮದು ಯಾವುದು ಅಂದರೆ ನಾವು ಕೊನೆಯದನ್ನು ಮೊದಲು ಹೇಳುತ್ತೇವೆ.

ಆದರೆ ಮನಸ್ಸಿಗೆ ಚುಚ್ಚಿದ್ದು ಬೇರೆ. ರಾಜನ ಹೆಸರು ಮಕ್ಕಳಿಗೂ ಗೊತ್ತು. ಹಾಡಿದವಳ ಹೆಸರು, ಬರೆದವನ ಹೆಸರು ಪಕ್ಕದ ಊರಿಗೂ ಗೊತ್ತಿಲ್ಲ. ಮೊಬೈಲ್‌ನಲ್ಲಿ ಸಿನಿಮಾ ಶುರುವಾದ ಕೂಡಲೆ ಹೆಸರುಗಳ ಪಟ್ಟಿಯನ್ನು ಬೆರಳಿನಿಂದ ಮುಂದೆ ಓಡಿಸುತ್ತೇವೆ. ಕಥೆ ಯಾರದು ಅನ್ನುವುದು ಅಲ್ಲೇ ದಾಟಿಹೋಗುತ್ತದೆ.

ಇದು ನಮ್ಮ ನೆಲದ ಪದ್ಧತಿ ಅಲ್ಲ. ರವಿಕೀರ್ತಿ ರಾಜನನ್ನು ಹೊಗಳಿ ಸುಮ್ಮನಾಗಲಿಲ್ಲ. ತನ್ನ ಹೆಸರನ್ನೂ ಬರೆದ, ತನ್ನ ಕೀರ್ತಿ ಕಾಳಿದಾಸ, ಭಾರವಿಯರ ಸಮ ಅಂತಲೂ ಬರೆದ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ಎಂಟನೇ ಶತಮಾನದಲ್ಲಿ ಕಟ್ಟಿಸಿದ್ದು ರಾಣಿ ಲೋಕಮಹಾದೇವಿ. ಅದನ್ನು ಕಟ್ಟಿದ ಶಿಲ್ಪಿ ಗುಂಡ ಅನಿವಾರಿತಾಚಾರಿಯ ಹೆಸರು ಅಲ್ಲಿಯ ಶಾಸನದಲ್ಲಿದೆ. ಅಷ್ಟೇ ಅಲ್ಲ, ಅಲ್ಲಿಯ ಗಾಯಕರಿಗೆ ಹಿಂದೆ ವಿಜಯಾದಿತ್ಯ ಕೊಟ್ಟಿದ್ದ ಹಕ್ಕುಗಳನ್ನು ಈ ರಾಣಿ ಮತ್ತೆ ಖಾಯಂ ಮಾಡಿದಳು ಅಂತ ಇನ್ನೊಂದು ಶಾಸನ ಹೇಳುತ್ತದೆ. ಹಾಡುವವರಿಗೂ ಹಕ್ಕಿದೆ ಅಂತ ಕಲ್ಲಿನಲ್ಲಿ ಕೊರೆಸಿದ ನಾಡು ಇದು. 1200 ವರ್ಷ ಕಳೆದ ಮೇಲೆ ಅದೇ ನಾಡಿನ ಗಾಯಕಿಯನ್ನು ನಾವು ಮರೆತು ಕೂತಿದ್ದೇವೆ.

ನೆನಪಿಡಲು ದೊಡ್ಡ ಸ್ಮಾರಕ ಬೇಕಿಲ್ಲ. ನಮ್ಮ ಊರುಗಳಲ್ಲಿ ಇವತ್ತಿಗೂ ಜಾತ್ರೆಗೆ ನಾಟಕ ಆಡುತ್ತಾರೆ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಯಲ್ಲಿ ಕಂಪನಿಗಳು ಟೆಂಟು ಹಾಕುತ್ತವೆ. ಊರಿನ ಹುಡುಗರೇ ಆಡುವ ನಾಟಕದ ಹ್ಯಾಂಡ್‌ಬಿಲ್ ಒಂದನ್ನು ತೆಗೆದು ನೋಡಿ. ಉದ್ಘಾಟಕರು, ಅಧ್ಯಕ್ಷರು, ಜ್ಯೋತಿ ಬೆಳಗಿಸುವವರು, ದೇಣಿಗೆ ಕೊಟ್ಟವರು ಫೋಟೋ ಸಮೇತ ಇರುತ್ತಾರೆ. ನಾಟಕ ಬರೆದವರ ಹೆಸರು ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಇದ್ದರೆ ಇದ್ದೀತು. ಹೊರಗಿನಿಂದ ಬಂದು ಸ್ತ್ರೀ ಪಾತ್ರ ಮಾಡುವ ಕಲಾವಿದೆಯರ ಹೆಸರು ಒಮ್ಮೊಮ್ಮೆ ಇರುವುದೇ ಇಲ್ಲ.

ಮುಂದಿನ ಸಲ ನಿಮ್ಮ ಊರಲ್ಲಿ ನಾಟಕ ಆಡಿಸಿದರೆ ಎರಡು ಸಾಲು ಸೇರಿಸಿ. ಬರೆದವರು ಯಾರು, ಯಾವ ಊರಿನವರು. ಹಾಡುವವರು, ಪಾತ್ರ ಮಾಡುವವರು ಯಾರು. ಅಚ್ಚಿನ ಖರ್ಚು ಇದರಿಂದ ಹೆಚ್ಚಾಗುವುದಿಲ್ಲ. ಮನೆಯಲ್ಲಿ ಹಳೆಯ ಹ್ಯಾಂಡ್‌ಬಿಲ್, ನಾಟಕದ ಪುಸ್ತಕ ಇದ್ದರೆ ಗೆದ್ದಲಿಗೆ ಬಿಡಬೇಡಿ, ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಕಂಪನಿಯಲ್ಲಿ ದುಡಿದ ಹಿರಿಯರು ನಿಮ್ಮ ಓಣಿಯಲ್ಲಿದ್ದರೆ ಅರ್ಧ ತಾಸು ಕೂತು ಅವರ ಮಾತು ರೆಕಾರ್ಡ್ ಮಾಡಿಕೊಳ್ಳಿ.

ನಾವು ಸೂಳೇಭಾವಿಯಿಂದ ಶುರು ಮಾಡುತ್ತಿದ್ದೇವೆ. ನೀವು ನಿಮ್ಮ ಊರಿನಿಂದ ಶುರು ಮಾಡಿ.